ಆರಿದ್ರಾ ಎರಡನೇ ಪಾದದಲ್ಲೊಂದು ಯುದ್ಧ

"ರಾತ್ರಿ ಹನ್ನೆರಡರವರೆಗೂ ನಿಮ್ಮ ಚಾವಡಿಯಲ್ಲಿ ದೀಪ ಇತ್ತಲ್ಲ, ಎಂಥ ಮಾರಾಯ್ರೇ? ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

ದಾಸವಾಳದ ಬೇಲಿಯಾಚೆಯಿಂದ ಮೇಷ್ಟ್ರು ಕೇಳಿದರು. ಆರಿದ್ರಾ ಮಳೆ ಬೆಳಗಿನ ಹೊತ್ತು ಸ್ವಲ್ಪ ಬಿಡುವು ಕೊಟ್ಟಿತ್ತು. ಅವರು ಪೂಜೆಗೆ ಹೂ ಕೊಯ್ಯುತ್ತಿದ್ದರು.

"ಎಲ್ಲರೂ ಆರಾಮಿದ್ದಾರೆ ಮೇಷ್ಟ್ರೇ. ನಾನು ಕಂಪ್ಯೂಟರಿನಲ್ಲಿ ಆಕಾಶಯುದ್ಧದ ಆಟ ಆಡ್ತಾ ಕೂತಿದ್ದೆ."

"ಮೊಮ್ಮಗ ಮೊಬೈಲಿನಲ್ಲಿ ಢಂ ಢಂ ಅನ್ನಿಸ್ತಾನಲ್ಲ, ಅಂಥದ್ದಾ?"

"ಅಲ್ಲ. ಇದರಲ್ಲಿ ಚಿತ್ರವೇ ಇಲ್ಲ. ಕಪ್ಪು ಪರದೆ, ಅದರ ಮೇಲೆ ಅಕ್ಷರ, ಅಂಕಿ. ಅಷ್ಟರಲ್ಲೇ ಇಡೀ ಆಕಾಶ."

ಮೇಷ್ಟ್ರು ಬುಟ್ಟಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ನಿಂತರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅಂಕಿ ಎಂದರೆ ಅವರ ಕಿವಿ ನೆಟ್ಟಗಾಗುತ್ತದೆ. ನನಗೂ ಅಷ್ಟೇ ಬೇಕಿತ್ತು.

ಆಟದ ಹೆಸರು ಸ್ಟಾರ್ ಟ್ರೆಕ್. ಅದೇ ಹೆಸರಿನ ಟಿ.ವಿ. ಧಾರಾವಾಹಿ ಅಮೆರಿಕದಲ್ಲಿ 1966ರಲ್ಲಿ ಶುರುವಾಗಿ 1969ಕ್ಕೆ ನಿಂತುಹೋಗಿತ್ತು. 1971ರಲ್ಲಿ ಮೈಕ್ ಮೇಫೀಲ್ಡ್ ಎಂಬ ಹೈಸ್ಕೂಲು ಹುಡುಗ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಸಿಗ್ಮಾ 7 ಎಂಬ ದೊಡ್ಡ ಕಂಪ್ಯೂಟರಿನಲ್ಲಿ, ಬೇಸಿಕ್ ಭಾಷೆಯಲ್ಲಿ ಇದನ್ನು ಬರೆದ. ಚಿತ್ರ ಮೂಡಿಸುವ ಪರದೆಯ ಮೇಲೆ ಆಡುವ ಸ್ಪೇಸ್‌ವಾರ್ ಆಟ ಆಗಲೇ ಇತ್ತು. ಆದರೆ ಈ ಹುಡುಗನಿಗೆ ಸಿಕ್ಕಿದ್ದು ಟೆಲಿಟೈಪ್. ಬೆರಳಚ್ಚು ಯಂತ್ರದ ಹಾಗೆ ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ 10 ಅಕ್ಷರ ಕುಟ್ಟುವ ಯಂತ್ರ ಅದು. ಹಡಗನ್ನು ಓಡಿಸಿ ತೋರಿಸುವುದು ಅದರ ಕೈಲಿ ಆಗದ ಮಾತು. ಹಾಗಾಗಿ ಆಟವೇ ಬೇರೆಯಾಯಿತು. ಆಜ್ಞೆ ಟೈಪ್ ಮಾಡಬೇಕು, ಯಂತ್ರ ಉತ್ತರ ಅಚ್ಚು ಹಾಕಬೇಕು, ನೋಡಿ ಯೋಚಿಸಬೇಕು, ಮತ್ತೆ ಆಜ್ಞೆ.

"ಆ ಯಂತ್ರ ಒಂದು ನಕ್ಷೆ ಅಚ್ಚು ಹಾಕುವಷ್ಟರಲ್ಲಿ ಅರ್ಧ ನಿಮಿಷಕ್ಕೂ ಮೇಲಾಗ್ತಿತ್ತು" ಅಂದೆ. "ಆಡುವವನು ಕಾಗದ ನೋಡ್ತಾ ಕಾಯಬೇಕು. ಕಾಯುವಾಗ ತಲೆ ಓಡುತ್ತೆ ನೋಡಿ."

"ಒಳ್ಳೆಯದೇ ಆಯ್ತು" ಅಂದರು ಮೇಷ್ಟ್ರು.

ಮೇಫೀಲ್ಡ್ 1972ರಲ್ಲಿ ಇದನ್ನು ಹ್ಯೂಲೆಟ್ ಪ್ಯಾಕರ್ಡ್ ಕಂಪ್ಯೂಟರಿಗೆ ಹೊಂದುವ ಹಾಗೆ ತಿರುಗಿ ಬರೆದ. ಡೇವಿಡ್ ಆಲ್ ಅದನ್ನು 1973ರಲ್ಲಿ ತಮ್ಮ ಬೇಸಿಕ್ ಆಟಗಳ ಪುಸ್ತಕಕ್ಕೆ ಸೇರಿಸಿದರು. 1974ರಲ್ಲಿ ಬಾಬ್ ಲೀಡಮ್ ತಿದ್ದಿ ಬೆಳೆಸಿ ಸೂಪರ್ ಸ್ಟಾರ್ ಟ್ರೆಕ್ ಮಾಡಿದರು. 1978ರಲ್ಲಿ ಸಣ್ಣ ಕಂಪ್ಯೂಟರುಗಳಿಗೆಂದು ಬಂದ ಆಲ್ ಅವರ ಪುಸ್ತಕದಲ್ಲಿ ಇದೂ ಇತ್ತು. ಆ ಪುಸ್ತಕ ಹತ್ತು ಲಕ್ಷದ ಮೇಲೆ ಖರ್ಚಾಯಿತು. ಕೊಂಡವರು ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿಕೊಂಡು ತಾವೇ ಟೈಪ್ ಮಾಡಬೇಕಿತ್ತು. ಟೈಪ್ ಮಾಡುತ್ತ ಮಾಡುತ್ತ ಇಲ್ಲೇಕೆ ಹೀಗಿದೆ ಎಂದು ತಿಳಿಯುತ್ತಿತ್ತು, ತಿಳಿದವರು ಬದಲಿಸುತ್ತಿದ್ದರು. ನಾನು ಈಗ ಲಿನಕ್ಸ್ ಟರ್ಮಿನಲ್ಲಿನಲ್ಲಿ ಆಡುವುದು ಲೀಡಮ್ ಅವರ ಆಟವನ್ನೇ.

"ಆಕಾಶ ಎಷ್ಟು ದೊಡ್ಡದು?" ಮೇಷ್ಟ್ರು ಕೇಳಿದರು.

"ಚದುರಂಗದ ಮಣೆಯಷ್ಟು. ಎಂಟೆಂಟ್ಲ ಅರವತ್ನಾಲ್ಕು ಮನೆ. ಆದರೆ ಪ್ರತಿ ಮನೆಯ ಒಳಗೂ ಮತ್ತೆ ಅಂಥದೇ ಒಂದು ಮಣೆ."

"ಹಾಗಾದರೆ ಒಟ್ಟು 4,096 ಮನೆ."

"ಹೌದು. ನಮ್ಮ ನೌಕೆ ಎಂಟರ್‌ಪ್ರೈಸ್. ಹೊರಡುವಾಗ 3,000 ಶಕ್ತಿ, 10 ಟಾರ್ಪಿಡೊ. ಕ್ಲಿಂಗನ್ನರು ಅಂತ ವೈರಿಗಳು. ಕೊಟ್ಟ ದಿನಗಳೊಳಗೆ ಅಷ್ಟೂ ವೈರಿ ಹಡಗನ್ನು ಹುಡುಕಿ ಮುಗಿಸಬೇಕು. ಶಕ್ತಿ ತೀರುತ್ತ ಬಂದರೆ ಠಾಣೆ ಹುಡುಕಿಕೊಂಡು ಹೋಗಿ ತುಂಬಿಸಿಕೊಳ್ಳಬೇಕು."

ದೂರದ ಮನೆಗಳಲ್ಲಿ ಏನಿದೆ ಎಂದು ಕೇಳಿದರೆ ಆಟ ಮೂರಂಕಿಯ ಸಂಖ್ಯೆಗಳನ್ನು ಕೊಡುತ್ತದೆ. ಉದಾಹರಣೆಗೆ 205. ನೂರರ ಸ್ಥಾನ ವೈರಿಗಳದ್ದು, ಹತ್ತರದ್ದು ಠಾಣೆ, ಬಿಡಿ ಸ್ಥಾನ ನಕ್ಷತ್ರ. ಇಬ್ಬರು ವೈರಿಗಳು, ಠಾಣೆ ಇಲ್ಲ, ಐದು ನಕ್ಷತ್ರ. ಮೊದಮೊದಲು ಹೀಗೆ ಬಿಡಿಸಿ ಓದುತ್ತೇವೆ. ನಾಲ್ಕು ದಿನ ಆಡಿದ ಮೇಲೆ 205 ಕಂಡರೆ ಎದೆ ಝಲ್ಲೆನ್ನುತ್ತದೆ. ಶಕ್ತಿ ಬತ್ತಿ ನಿಂತಾಗ 013 ಕಂಡರೆ ಊರಿನ ದೀಪ ಕಂಡ ಹಾಗಾಗುತ್ತದೆ.

"ಅಂಕಿಯಲ್ಲಿ ಆಕಾಶ ಕಾಣೋದು ನಮಗೇನು ಹೊಸತು ಮಾರಾಯ್ರೇ?" ಅಂದರು ಮೇಷ್ಟ್ರು. "ಪಂಚಾಂಗ ಅಂದರೆ ಮತ್ತೇನು? ಅದರಲ್ಲಿ ಚಂದ್ರನ ಚಿತ್ರ ಎಲ್ಲಿದೆ? ತಿಥಿ, ನಕ್ಷತ್ರ, ಎದುರಿಗೆ ಇಷ್ಟು ಗಳಿಗೆ ಅಂತ ಅಂಕಿ. ಒಂದು ಸಾಲು ಓದಿದರೆ ನನಗೆ ಚಂದ್ರ ಎಲ್ಲಿದ್ದಾನೆ ಅಂತ ಕಾಣುತ್ತೆ. ಮೋಡ ಕವಿದಿದ್ದರೂ ಕಾಣುತ್ತೆ."

ನಾನು ಇಷ್ಟು ದಿನ ಹೇಳಲು ಬಾರದೆ ಒದ್ದಾಡುತ್ತಿದ್ದುದನ್ನು ಅವರು ಒಂದು ಉಸಿರಿಗೆ ಹೇಳಿಬಿಟ್ಟಿದ್ದರು. ಈ ಆಟ ನನ್ನನ್ನು ಹಿಡಿದಿಟ್ಟಿರುವುದು ಇದಕ್ಕೇ. ಬೇರೆ ಆಟಗಳಲ್ಲಿ ಆಕಾಶವನ್ನು ಯಾರೋ ಬಿಡಿಸಿ ಕೊಟ್ಟಿರುತ್ತಾರೆ. ಇಲ್ಲಿ ನಾನೇ ಕಟ್ಟಿಕೊಳ್ಳಬೇಕು, ಕಟ್ಟಿಕೊಂಡದ್ದು ನನ್ನದೇ ಆಗಿ ಉಳಿಯುತ್ತದೆ.

"ಇನ್ನೊಂದು ಕೇಳಿ ಮೇಷ್ಟ್ರೇ. ಆ ಅರವತ್ನಾಲ್ಕು ಮನೆಗಳಿಗೂ ಹೆಸರಿದೆ. ಆಲ್ಡೆಬರಾನ್, ಬೀಟಲ್‌ಜ್ಯೂಸ್, ಪೊಲಕ್ಸ್, ರೆಗ್ಯುಲಸ್, ಸ್ಪೈಕಾ, ಆರ್ಕ್‌ಟ್ಯೂರಸ್."

ಅವರು ಬೆರಳು ಮಡಿಸಿದರು. "ರೋಹಿಣಿ, ಆರಿದ್ರಾ, ಪುನರ್ವಸು, ಮಘೆ, ಚಿತ್ತೆ, ಸ್ವಾತಿ. ನಮ್ಮ ಮಳೆಗಳ ಹೆಸರೇ ಅಲ್ವಾ!"

"ಒಟ್ಟು ಹೆಸರು ಹದಿನಾರು. ಒಂದೊಂದು ಹೆಸರಿಗೆ ನಾಲ್ಕು ಮನೆ, ಒಂದರಿಂದ ನಾಲ್ಕರವರೆಗೆ ನಂಬರು."

"ಅಂದರೆ ನಾಲ್ಕು ಪಾದ!" ಮೇಷ್ಟ್ರ ಮುಖ ಅರಳಿತು. ನಮ್ಮಲ್ಲಿ ಪ್ರತಿ ನಕ್ಷತ್ರಕ್ಕೂ ನಾಲ್ಕು ಪಾದ. ಬರೆದವರ ಮನಸ್ಸಿನಲ್ಲಿ ಅದು ಇರಲಿಕ್ಕಿಲ್ಲ. ಮಣೆ ತುಂಬಲು ಹದಿನಾರು ಹೆಸರನ್ನು ನಾಲ್ಕು ನಾಲ್ಕು ಸಲ ಬಳಸಿದ್ದಾರೆ. ಆದರೂ ನಿನ್ನೆ ರಾತ್ರಿ ಹೊರಗೆ ಆರಿದ್ರಾ ಹೊಯ್ಯುತ್ತಿರುವಾಗ ನನ್ನ ನೌಕೆ ನಿಂತಿದ್ದು ಆರಿದ್ರಾ ಎರಡನೇ ಪಾದದಲ್ಲಿ. ಮೈ ಜುಮ್ಮೆಂದಿತ್ತು.

"ನಿಂತು ಏನಾಯ್ತು?"

"ಏಟು ಬಿತ್ತು. ನೌಕೆಯ ಕಂಪ್ಯೂಟರ್ ಕೆಟ್ಟಿತು. ಅದು ಸರಿಯಿದ್ದರೆ ಟಾರ್ಪಿಡೊ ಯಾವ ದಿಕ್ಕಿಗೆ ಬಿಡಬೇಕು ಅಂತ ಅದೇ ಹೇಳುತ್ತೆ. ಈಗ ನಾನೇ ಲೆಕ್ಕ ಹಾಕಬೇಕು. ಅಲ್ಲಿಗೇ ಬಿಟ್ಟು ಮಲಗಿದೆ. ನಾನು ಆಜ್ಞೆ ಕೊಡುವವರೆಗೂ ಆಟ ಕಾಯುತ್ತೆ."

"ಹೇಳಿ, ನೋಡೋಣ" ಎಂದು ಮೇಷ್ಟ್ರು ಕಡ್ಡಿಯೊಂದನ್ನು ಹೆಕ್ಕಿ ಹಸಿ ಮಣ್ಣಿನಲ್ಲಿ ಮಣೆ ಗೀರಿದರು. ನೌಕೆ 5ನೇ ಸಾಲಿನ 3ನೇ ಮನೆ ಅಂದೆ. ಅಲ್ಲೊಂದು ಕಲ್ಲು ಇಟ್ಟರು. ವೈರಿ 3ನೇ ಸಾಲಿನ 7ನೇ ಮನೆ. ಅಲ್ಲಿ ಒಂದು ಒಣಎಲೆ. ದಿಕ್ಕಿನ ಲೆಕ್ಕ ಹೀಗೆ: 1 ಎಂದರೆ ನೇರ ಬಲಕ್ಕೆ, 2 ಬಲಮೇಲಿನ ಮೂಲೆಗೆ, 3 ನೇರ ಮೇಲಕ್ಕೆ. ಹೀಗೇ ಅಪ್ರದಕ್ಷಿಣೆಯಾಗಿ 8ರವರೆಗೆ. ನಡುವಿನ ಭಿನ್ನರಾಶಿಯೂ ನಡೆಯುತ್ತದೆ.

"ನಾಲ್ಕು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ. ನಾಲ್ಕಕ್ಕೆ ಎರಡು ಅಂದರೆ ಅರ್ಧ. ಒಂದಕ್ಕೆ ಸೇರಿಸಿದರೆ ಒಂದೂವರೆ" ಅಂದರು ತಡವಿಲ್ಲದೆ. "ನಕ್ಷತ್ರ ಎಲ್ಲೆಲ್ಲಿವೆ?"

"ಒಂದು 4ನೇ ಸಾಲಿನ 5ನೇ ಮನೆಯಲ್ಲಿ."

ಉದುರಿದ ನಂದಿಬಟ್ಟಲ ಹೂವೊಂದನ್ನು ಅಲ್ಲಿಟ್ಟು ಕಡ್ಡಿಯಲ್ಲಿ ದಾರಿ ಎಳೆದರು. ಒಂದು ಮನೆ ಬಲಕ್ಕೆ, ಅರ್ಧ ಮೇಲಕ್ಕೆ. ಮತ್ತೊಂದು ಬಲಕ್ಕೆ, ಅರ್ಧ ಮೇಲಕ್ಕೆ. ಕಡ್ಡಿ ಹೂವಿಗೆ ತಾಗಿತು. "ನಡುದಾರಿಯಲ್ಲೇ ಕೂತಿದೆಯಲ್ಲ! ಗುಂಡು ಇದಕ್ಕೇ ಬಡಿಯುತ್ತೆ."

"ಹೌದು, ನಕ್ಷತ್ರ ಅದನ್ನು ನುಂಗಿಬಿಡುತ್ತೆ. ಫೇಸರ್ ಅಂತ ಇನ್ನೊಂದು ಆಯುಧ ಇದೆ, ಅದಕ್ಕೆ ನಕ್ಷತ್ರ ಅಡ್ಡಿಯಾಗೋದಿಲ್ಲ. ಆದರೆ ದೂರ ಹೆಚ್ಚಾದಷ್ಟೂ ಪೆಟ್ಟು ಕಡಿಮೆ, ಶಕ್ತಿಯೂ ಖರ್ಚು. ನನ್ನ ಹತ್ತಿರ ಉಳಿದಿರೋದು 300ರ ಸುಮಾರು."

"ಹಾಗಾದರೆ ಮೊದಲು ಎರಡು ಮನೆ ಮೇಲಕ್ಕೆ ಸರಿಯಿರಿ. ಆಮೇಲೆ ನೇರ ಒಂದನೇ ದಿಕ್ಕು."

"ನಾವು ಕದಲಿದರೆ ಅವನೂ ಜಾಗ ಬದಲಿಸ್ತಾನೆ ಮೇಷ್ಟ್ರೇ."

ಅವರು ಮಣೆಯನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಮಳೆಯ ಸದ್ದು ಹತ್ತಿರವಾಯಿತು. ಅವರು ಬುಟ್ಟಿ ಎತ್ತಿಕೊಂಡು ಜಗಲಿಗೆ ಓಡಿದರು, ನಾನು ನನ್ನ ಚಾವಡಿಗೆ. ನೋಡುತ್ತಿದ್ದ ಹಾಗೇ ಗೆರೆಗಳಲ್ಲಿ ನೀರು ತುಂಬಿತು, ಹೂವು ತೇಲಿಹೋಯಿತು, ಬೇಲಿಯಾಚೆಯ ಮಣೆ ಬರೀ ಕೆಸರಾಯಿತು.

ಮಳೆಯ ಸದ್ದಿನ ನಡುವೆ ಜಗಲಿಯಿಂದ ಮೇಷ್ಟ್ರ ದನಿ ಕೇಳಿತು. "ಕದಲಲಿ ಬಿಡಿ, ಮತ್ತೆ ಲೆಕ್ಕ ಹಾಕೋಣ. ಆ ನಕ್ಷತ್ರವಂತೂ ನಾಲ್ಕನೇ ಸಾಲು, ಐದನೇ ಮನೆ ಬಿಟ್ಟು ಹೋಗೋದಿಲ್ಲ ತಾನೇ?"

"ಇಲ್ಲ ಮೇಷ್ಟ್ರೇ, ಅಲ್ಲೇ ಇರುತ್ತೆ."

"ಸಂಜೆ ಬರ್ತೇನೆ. ಅಲ್ಲಿಯವರೆಗೆ ಏನೂ ಟೈಪ್ ಮಾಡಬೇಡಿ."