ಹಸಿರು ಕಂಡೆ, ಕಾಯಿ ಕಾಣಲಿಲ್ಲ: ಉಪಗ್ರಹದೊಡನೆ ಮಾತುಕತೆ

ಚಳ್ಳಕೆರೆ ಸೀಮೆಯ ಶೇಂಗಾ ಹೊಲಗಳ ಮೇಲೆ, 786 ಕಿ.ಮೀ. ಎತ್ತರದಲ್ಲಿ, ಹತ್ತೂವರೆ ಹನ್ನೊಂದರ ನಡುವೆ ಹಾದುಹೋಗುವ ಯುರೋಪಿನ ಸೆಂಟಿನೆಲ್-2 ಉಪಗ್ರಹವನ್ನು ಮಾತಿಗೆ ಎಳೆದೆವು. ನಿಲ್ಲುವ ಅಭ್ಯಾಸವಿಲ್ಲದ್ದರಿಂದ ಓಡುತ್ತಲೇ ಉತ್ತರಿಸಿತು.

ಎಕರೆಗೆ ಎಷ್ಟು ಚೀಲ ಅಂತ ಅಷ್ಟೆತ್ತರದಿಂದ ಹೇಗೆ ಎಣಿಸ್ತೀರಿ?

ಚೀಲ ಎಣಿಸಿದವನೇ ಅಲ್ಲ ಸ್ವಾಮಿ ನಾನು. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತೆ, ಕಣ್ಣಿಗೆ ಕಾಣದ ಅವಕೆಂಪನ್ನು ವಾಪಸ್ ಎಸೆಯುತ್ತೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಮೈನಸ್ 1ರಿಂದ 1ರ ತನಕದ ಒಂದು ಅಂಕಿ, ಅಷ್ಟೇ. ಹಿಂದಿನ ವರ್ಷಗಳ ಹಸಿರನ್ನು ಆಗಿನ ಇಳುವರಿಗೆ ತಾಳೆ ಹಾಕಿ ಚೀಲ ಮಾಡುವವರು ಕೆಳಗಿನವರು.

ಆ ಹಳೇ ಇಳುವರಿ ಎಲ್ಲಿಂದ ಬಂತು?

ಬೆಳೆ ಕಟಾವು ಪ್ರಯೋಗದಿಂದ. ಸಿಬ್ಬಂದಿ ಹೊಲಕ್ಕಿಳಿದು, ಕಿತ್ತು, ತೂಗಿ ಬರೆದಿದ್ದರೆ ನಾನು ಜಾಣ. ಮರದ ನೆರಳಲ್ಲಿ ಕೂತು ಬರೆದಿದ್ದರೆ ಆ ಮರದ ಹಸಿರನ್ನೂ ನಿಷ್ಠೆಯಿಂದ ದಾಖಲಿಸಿರುತ್ತೇನೆ.

ಶೇಂಗಾ ಬಗ್ಗೆ?

ನನ್ನ ಮಾನ ಕಳೆಯಲೆಂದೇ ಹುಟ್ಟಿದ ಬೆಳೆ! ಎಲೆ ಮೇಲೆ, ಕಾಯಿ ಮಣ್ಣೊಳಗೆ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಆಮೇಲೆ ನಾಲ್ಕು ಹನಿ ಬಿದ್ದರೆ ಗಿಡ ಚಿಗುರಿ ನಗುತ್ತೆ. ನಾನು ‘ಚೆನ್ನಾಗಿದೆ’ ಅಂತೀನಿ. ಕಿತ್ತು ನೋಡಿದ ರೈತ ಏನಂತಾನೋ ಇಲ್ಲಿಗೆ ಕೇಳಿಸೋದಿಲ್ಲ, ಪುಣ್ಯ. ಇನ್ನು ನನ್ನ ಒಂದು ಚುಕ್ಕೆ ಅಂದರೆ 10 ಮೀಟರ್ ಚೌಕ. ಅದರಲ್ಲಿ ಶೇಂಗಾ, ಅಕ್ಕಡಿ ಸಾಲಿನ ತೊಗರಿ, ನಡುವೆ ಬೋಳು ಕೆಂಪು ಮಣ್ಣು, ಬದುವಿನಲ್ಲಿ ಬರಗಾಲಕ್ಕೂ ಬಗ್ಗದ ಬಳ್ಳಾರಿ ಜಾಲಿ. ಎಲ್ಲ ಸೇರಿ ಒಂದೇ ಅಂಕಿ.

ಮೋಡ ಬಂದರೆ?

ಜೋಡಿಯಾಗಿ ಐದು ದಿನಕ್ಕೊಮ್ಮೆ ಬರ್ತೀವಿ, ಮೋಡದ ಬೆನ್ನು ನೋಡಿ ಹೋಗ್ತೀವಿ. ಸುರಿಯದೆ ಹೋದ ಮೋಡವಾದರೆ ನಿಮಗೂ ನಷ್ಟ, ನಮಗೂ.

ಹಾಗಾದರೆ ನಿಮ್ಮಿಂದ ಉಪಯೋಗವೇ ಇಲ್ಲವೇ?

(ಸಿಟ್ಟಾಗಿ) ಯಾರು ಹೇಳಿದ್ದು? ನೀರೇ ಬೆಳೆಯ ಹಣೆಬರಹ ಬರೆಯುವ ಒಣಭೂಮಿಯಲ್ಲಿ ಹಸಿರಿಗೂ ಇಳುವರಿಗೂ ನಂಟು ಗಟ್ಟಿ. ತಾಲ್ಲೂಕಿಗೆ ತಾಲ್ಲೂಕೇ ಒಣಗುತ್ತಿದ್ದರೆ ಕೊಯ್ಲಿಗೆ ವಾರಗಳ ಮೊದಲೇ ಸುಳಿವು ಕೊಡ್ತೀನಿ. ಆದರೆ ಒಂದು ಸರ್ವೆ ನಂಬರಿಗೆ ಪರಿಹಾರ ಕೊಡಬೇಕೋ ಬೇಡವೋ ಅಂತ ಕೇಳಿದರೆ ಹೇಗೆ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಆದರೂ ಗಿಡ ಹಸಿರಿದ್ದೂ ಇಳುವರಿ ಇಲ್ಲದ ‘ಹಸಿರು ಬರ’ ಎಂದರೇನೆಂದು ದೆಹಲಿಗೆ ಬಿಡಿಸಿ ಹೇಳಬೇಕಾಯಿತಲ್ಲ?

ಕೇಂದ್ರದ 2016ರ ಬರ ಕೈಪಿಡಿ ತೆಗೆದು ನೋಡಿ. ನನ್ನ ಪಕ್ಕದಲ್ಲೇ ಮಳೆ, ಮಣ್ಣಿನ ತೇವ, ಬಿತ್ತನೆ ಪ್ರದೇಶ, ಹೊಲದ ಖುದ್ದು ಪರಿಶೀಲನೆ ಎಲ್ಲ ಇವೆ. ಅವರನ್ನೆಲ್ಲ ಮನೆಗೆ ಕಳಿಸಿ ನನ್ನೊಬ್ಬನನ್ನೇ ಕಟಕಟೆ ಹತ್ತಿಸಿದರೆ ಕಂಡದ್ದನ್ನು ಹೇಳ್ತೀನಿ. ಕಂಡದ್ದು ಹಸಿರು.

ರೈತರಿಗೆ ಏನಾದರೂ?

ಕಟಾವು ಪ್ರಯೋಗದ ದಿನ ಹೊಲ ಬಿಟ್ಟು ಕದಲಬೇಡಿ. ಜೊಳ್ಳುಕಾಯಿ ಎಷ್ಟು, ಗಟ್ಟಿಕಾಯಿ ಎಷ್ಟು ಅಂತ ಎದುರಿಗೇ ತೂಗಿಸಿ. ಬರೆದ ತೂಕ ಓದಿ ನೋಡಿದ ಮೇಲೆಯೇ ಸಹಿ ಹಾಕಿ.