ಹತ್ರಿ, ಇಳೀರಿ, ಉಣ್ರಿ

ರಜೆಗೆ ಬಂದ ತಂಗಿಯ ಮಗಳು ವಿಜಯಪುರದ ನಮ್ಮ ಕಟ್ಟೆಯ ಮೇಲೆ ಕೂತು ಫೋನಿನೊಳಗೆ ಸ್ಪ್ಯಾನಿಶ್ ಕಲಿಯುತ್ತಾಳೆ. ಈಗ ಆಜ್ಞೆ ಮಾಡುವ ಪಾಠ. ಆಜ್ಞೆಗೆ ಎದುರಿಗೊಬ್ಬ ಆಳು ಬೇಕಲ್ಲ, ರಿಟೈರಾದ ಮಾಮ ಇದ್ದಾನೆ. ‘ಮಾಮಾ, ಆಬ್ಲಾ!’ ಅಂದಳು. ಮಾತಾಡು ಅಂತ. ಈ ಮನೆಯಲ್ಲಿ ನನಗೆ ಹಾಗೆ ಹೇಳಿದವರೇ ಇಲ್ಲ, ಹುರುಪಿನಿಂದ ಶುರು ಮಾಡಿದೆ. ‘ಅದು ಬರೇ ಉದಾಹರಣಿ ಮಾಮಾ’ ಎಂದು ಬಾಯಿ ಮುಚ್ಚಿಸಿದಳು.

ಲೆಕ್ಕ ಸರಳ ಅದೆ. ಆಬ್ಲಾರ್ ಅಂದರೆ ಮಾತಾಡುವುದು, ಕೋಮೇರ್ ಅಂದರೆ ತಿನ್ನುವುದು. ಸಲಿಗೆಯವರಿಗೆ ಹೇಳುವಾಗ ಬಾಲದ ‘ರ್’ ಉದುರಿ ಆಬ್ಲಾ, ಕೋಮೆ ಉಳಿಯುತ್ತವೆ. ಎಸ್ಕ್ರಿಬೀರ್, ಅಂದರೆ ಬರೆಯುವುದು, ಅದೂ ಕೋಮೆಯ ಸಾಲಿಗೆ ಬಂದು ಎಸ್ಕ್ರಿಬೆ ಆಗುತ್ತದೆ. ಮರ್ಯಾದಸ್ತರು ಎದುರಿಗಿದ್ದರೆ ಸ್ವರ ಅದಲುಬದಲು: ಆಬ್ಲಾ ಹೋಗಿ ಆಬ್ಲೆ, ಕೋಮೆ ಹೋಗಿ ಕೋಮಾ. ನನಗೆ ಬೀಗರ ಪಂಕ್ತಿ ಕಣ್ಣಿಗೆ ಕಟ್ಟಿತು. ಹೋಳಿಗೆ ಬಡಿಸಿ, ಕೈಮುಗಿದು, ‘ಕೋಮಾ, ಕೋಮಾ’ ಎಂದು ಉಪಚಾರ ಮಾಡಿದರೆ ಬೀಗರು ತುಪ್ಪ ಬಿಟ್ಟು ಡಾಕ್ಟರನ್ನು ಕೇಳಿಯಾರು.

ನಮ್ಮಲ್ಲಿ ಧಾತುವೇ ಆಜ್ಞೆ. ಮಾಡು, ಓದು, ತಿನ್ನು. ಮರ್ಯಾದೆ ಬೇಕಾದರೆ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಒಂದು ‘ರಿ’ ಸವರುತ್ತೇವೆ. ಬೆಂಗಳೂರಿನವರ ‘ಬನ್ನಿ, ತನ್ನಿ’ಗಳನ್ನೂ ನಮ್ಮವರು ಸಾಲಿಗೆ ಎಳೆದು ‘ಬರ್ರಿ, ತರ್ರಿ’ ಮಾಡಿಟ್ಟಿದ್ದಾರೆ. ಆದರೆ ‘ಬರು’ ಒಬ್ಬನನ್ನೇ ಕರೆಯುವಾಗ ‘ಬಾ’ ಆಗುವ ಹಟ ಬಿಟ್ಟಿಲ್ಲ. ಸ್ಪ್ಯಾನಿಶ್‌ನ ‘ಬೆನೀರ್’ ಕೂಡ ಅಂಥದೇ ಮೊಂಡ, ನಿಯಮ ಮುರಿದು ‘ಬೆನ್’ ಆಗಿ ನಿಲ್ಲುತ್ತದೆ. ಕರೆದ ಕೂಡಲೆ ಬರುವುದು ಎಲ್ಲ ದೇಶದಲ್ಲೂ ತ್ರಾಸಿನ ಕೆಲಸವೇ ಇರಬೇಕು.

ಆಜ್ಞೆ ಕೇಳಬೇಕಾದರೆ ಅಥಣಿ ದಾರಿಯ ಬಸ್ ಹತ್ತಬೇಕು. ‘ಹತ್ರಿ, ಮುಂದ ಸರೀರಿ, ಚಿಲ್ಲರ ಕೊಡ್ರಿ’ ಅನ್ನುತ್ತಲೇ ತಿಕೋಟಾ ಬಂದು ‘ಇಳೀರಿ’ ಆಗಿರುತ್ತದೆ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ, ಹೊತ್ತಿಗೆ ಹೋದರೆ ಮಾಲೀಕ ಕೂಲಿಯವರಿಗೂ ‘ಲಗೂ ಹಿಡೀರೆವ್ವಾ’ ಅನ್ನುತ್ತಾನೆ. ಕೆಲಸದ ಅವಸರದಲ್ಲೂ ‘ರಿ’ ಬಿಟ್ಟಿರುವುದಿಲ್ಲ. ಬಬಲೇಶ್ವರದ ನನ್ನ ಬಾಲ್ಯದ ಗೆಳೆಯನ ಮಾತು ಬೇರೆ. ಅವನದು ಯಾವತ್ತೂ ‘ಬಾರಲೇ’. ಅವನೇನಾದರೂ ಫೋನಿನಲ್ಲಿ ‘ಬರ್ರಿ’ ಅಂದರೆ ಕೈಗಡ ಕೇಳಲಿಕ್ಕಿದ್ದಾನೆ ಅಂತಲೇ ತಿಳಿಯುತ್ತೇನೆ.

ಅವ್ವನಿಗೆ ನಾವು ‘ರಿ’ ಹಚ್ಚಲಿಲ್ಲ. ಸಂಕ್ರಾಂತಿ ಜಾತ್ರೆಯಲ್ಲಿ ಸಿದ್ಧೇಶ್ವರನಿಗೂ ‘ಕಾಯಪ್ಪಾ’ ಅಷ್ಟೇ. ‘ಕಾಯ್ರಿ’ ಅಂದವರನ್ನು ನಾನಂತೂ ಕಂಡಿಲ್ಲ. ಸ್ಪೇನಿನವರೂ ದೇವರ ಮುಂದೆ ಸಲಿಗೆಯ ರೂಪವನ್ನೇ ಆಡುತ್ತಾರೆ. ಅವರ ಗೌರವದ ‘ಉಸ್ತೇದ್’ ಹುಟ್ಟಿದ್ದು ದೊಡ್ಡ ಮನುಷ್ಯರನ್ನು ‘ತಮ್ಮ ಕೃಪೆ’ ಎಂದು ಕರೆಯುತ್ತಿದ್ದ ‘ಬುಯೆಸ್ತ್ರಾ ಮೆರ್ಸೆದ್’ ಸವೆದು ಸವೆದು. ದೇವರಿಗೆ ಅಷ್ಟೆಲ್ಲ ಉಪಚಾರ ಬೇಕಾಗಲಿಲ್ಲ ಅಂತ ಕಾಣುತ್ತದೆ.

ಇನ್ನು ನನ್ನ ಹೆಂಡತಿ. ಮದುವೆಯಾದಾಗಿನಿಂದ ‘ರಿ’ ತಪ್ಪಿಸಿದವಳಲ್ಲ. ‘ಏಳ್ರಿ, ಚೀಲ ಹಿಡೀರಿ, ಕಾಯಿಪಲ್ಲೆ ತರ್ರಿ.’ ಇಷ್ಟು ಮರ್ಯಾದೆಯ ಹುಕುಂ ಆದಿಲ್‌ಶಾಹಿ ದರಬಾರಿನಲ್ಲೂ ಹೊರಟಿರಲಿಕ್ಕಿಲ್ಲ. ಮೆಟ್ಟಿಲಿಳಿಯುವಾಗ ಬೆನ್ನಿಗೊಂದು ‘ಬಟಾಟಿ ಮರೀಬ್ಯಾಡ್ರಿ’ ಬಂತು. ಸ್ಪ್ಯಾನಿಶ್‌ನಲ್ಲಿ ‘ಬೇಡ’ ಅಂದ ಕೂಡಲೆ ಸಲಿಗೆಯ ಕ್ರಿಯಾಪದವೂ ಹೆದರಿ ಸ್ವರ ಬದಲಿಸುತ್ತದೆ, ‘ಆಬ್ಲಾ’ ಇದ್ದದ್ದು ‘ನೋ ಆಬ್ಲೆಸ್’ ಆಗುತ್ತದೆ. ನಮ್ಮ ಮನೆಯಲ್ಲಿ ಬೇಕೆಂದರೂ ಬೇಡೆಂದರೂ ಚೀಲ ನನ್ನ ಕೈಯಲ್ಲೇ.