ಅಟ್ಟಕ್ಕೆ ಶುಕ್ರದೆಸೆ

ಮಲೆನಾಡಿನ ಹೆಂಚಿನ ಮನೆಯ ಅಟ್ಟಕ್ಕೆ ಈಗ ಶುಕ್ರದೆಸೆ. ನಿನ್ನೆಯವರೆಗೆ ಅಡಿಕೆ ಮೂಟೆ, ತಳ ಹೋದ ಕೊಪ್ಪರಿಗೆ, ಕಾಲು ಮುರಿದ ತೊಟ್ಟಿಲುಗಳ ಜೊತೆ ಸಂಸಾರ ಮಾಡಿಕೊಂಡಿದ್ದ ಜಾಗ, ಹೋಂಸ್ಟೇ ಪುಣ್ಯದಿಂದ ‘ಫ್ಯಾಮಿಲಿ ರೂಮ್’ ಎನಿಸಿಕೊಂಡಿದೆ.

ಖಾಲಿ ಮಾಡುವುದೇ ದೊಡ್ಡ ಸಾಹಸ. ಯಜಮಾನರು ಕೆಳಗಿಳಿಸಿ ಅಂಗಳಕ್ಕೆಸೆದ ಮುರುಕು ಕೊಡೆಯನ್ನು ಅಜ್ಜಿ, ‘ಮುಂದೆ ಬೇಕಾಗ್ತು, ಇರ್ಲಿ’ ಎಂದು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ತರುತ್ತಾರೆ.

ಆಮೇಲೆ ಸೆಖೆಯ ಸರದಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ, ಮಾಡಿಗೆ ಇಷ್ಟು ಹತ್ತಿರದಲ್ಲಿ ದುಡ್ಡು ಕೊಟ್ಟು ಮಲಗುವವರು ಹುಟ್ಟುತ್ತಾರೆಂದು ಎಣಿಸಿರಲಾರರು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೇಗೋ ಹೊರಗೆ ಹೋಗುತ್ತದೆ. ಚಂದಕ್ಕೆಂದು ಜಿಪ್ಸಮ್ ಸೀಲಿಂಗ್ ಹೊಡೆಸಿದರೋ, ಆ ದಾರಿಯೂ ಬಂದ್. ಸೀಲಿಂಗಿನ ಮೇಲೆ ಇಲಿಗಳಿಗೆ ಮಾತ್ರ ಹೊಚ್ಚಹೊಸ ಅಟ್ಟ!

ಬೆಳಕಿಗೆ ಅಗ್ಗದ ಉಪಾಯವಿದೆ: ನಾಲ್ಕು ಗಾಜಿನ ಹೆಂಚು. ಬೆಳಗಿನ ಬಿಸಿಲು ನೆಟ್ಟಗೆ ಮುಖಕ್ಕೇ ಬೀಳುವುದರಿಂದ ಬೆಂಗಳೂರಿನ ಅತಿಥಿ ಅಲಾರಂ ಇಲ್ಲದೆ ಎದ್ದು ಕೂರುತ್ತಾನೆ. ಕೂತವನು ನಿಲ್ಲುವಾಗ ತೊಲೆಗೆ ತಲೆ ಜಪ್ಪಿಕೊಳ್ಳುತ್ತಾನೆ. ಆ ಸದ್ದು ಕೇಳಿದ ಮೇಲೆಯೇ ಕೆಳಗೆ ಅಡುಗೆಮನೆಯಲ್ಲಿ ದೋಸೆ ಕಾವಲಿಗೆ ಎಣ್ಣೆ ಸವರುವುದು.